ನಮ್ಮೂರಿಗೂ ಒಬ್ಬ ಸಿನಿಮಾ ವಿಮರ್ಶಕ ಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಸಿನಿಮಾ ಪುಟದಲ್ಲಿ ಒಂದು ಕನ್ನಡ ಚಿತ್ರದ ವಿಮರ್ಶೆ ಬಂತು. ಯಾವ ಚಿತ್ರ ಅನ್ನೋದು ಬೇಡ. ಮೇಲೆ ಮೂರೂವರೆ ಸ್ಟಾರ್. ಕೆಳಗೆ ಅರ್ಧ ಕಥೆ. ಆಮೇಲೆ ‘ನಾಯಕ ಪಾತ್ರಕ್ಕೆ ಜೀವ ತುಂಬಿದ್ದಾರೆ’, ‘ನಾಯಕಿ ಇದ್ದಷ್ಟು ಹೊತ್ತು ಇಷ್ಟವಾಗುತ್ತಾರೆ’, ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’, ‘ಹಿನ್ನೆಲೆ ಸಂಗೀತ ಕಥೆಗೆ ಪೂರಕ’, ‘ಸಂಕಲನಕಾರರು ಕತ್ತರಿಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು’. ಮುಗೀತು. ಅದರ ಹಿಂದಿನ ವಾರದ ಪುಟ ತೆಗೆದು ನೋಡಿ, ಇವೇ ಐದು ವಾಕ್ಯ ಸಿಗುತ್ತವೆ, ಬೇರೆ ಪೋಸ್ಟರಿನ ಕೆಳಗೆ. ಬರೆದವರು ಯಾರು ಅಂತಲೂ ಹಾಕಿಲ್ಲ. ಹೆಸರಿಲ್ಲದ ಮನುಷ್ಯ ಕೊಟ್ಟ ಮೂರೂವರೆ ಸ್ಟಾರ್ ನಂಬಿ ನಾನು ಮನೆಮಂದಿಯನ್ನೆಲ್ಲ ಕರೆದುಕೊಂಡು ಥಿಯೇಟರಿಗೆ ಹೋಗಬೇಕಾ?

ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಬರಹಗಾರ ಅಲ್ಲ, ಸಿನಿಮಾದವನೂ ಅಲ್ಲ. ನೋಡುವವನು ಅಷ್ಟೇ. ರಾತ್ರಿ ಊಟದ ಹೊತ್ತಿಗೆ ಗಿರಾಕಿಗಳು ಕಡಿಮೆ ಆಗುತ್ತಾರೆ, ಆಗ ಕೌಂಟರಿನ ಹಿಂದೆ ಕೂತು ಫೋನಿನಲ್ಲಿ ವಿಮರ್ಶೆ ಓದುವುದು ನನಗೊಂದು ಚಟ. ನನ್ನ ಇಂಗ್ಲಿಷು ಡಿ.ಫಾರ್ಮಾ ಮಟ್ಟದ್ದು. ಆದರೂ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಬರೆದದ್ದು ನನಗೆ ಸಲೀಸಾಗಿ ತಿಳಿಯುತ್ತದೆ. ನಿಮ್ಮ ಪುಟದ ಕನ್ನಡಕ್ಕಿಂತ ಆ ಮನುಷ್ಯನ ಇಂಗ್ಲಿಷು ನನಗೆ ಹತ್ತಿರ ಅನಿಸಿದರೆ ತಪ್ಪು ಯಾರದು, ನೀವೇ ಹೇಳಿ. ಅವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕಂದರೆ ನಾನು ನಿಮ್ಮನ್ನು ಕೇಳಬೇಕಾದ್ದು ಅದರಲ್ಲೇ ಇದೆ.

ಈಬರ್ಟ್ ಹುಟ್ಟಿದ್ದು 1942ರ ಜೂನ್ 18ರಂದು, ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ. ಒಂದು ದೊಡ್ಡ ವಿಶ್ವವಿದ್ಯಾಲಯ, ಸುತ್ತಮುತ್ತ ಮೆಕ್ಕೆಜೋಳದ ಹೊಲ, ಅಂಥ ಊರು. ಶಿಕಾಗೊ ಅಲ್ಲಿಂದ ಸುಮಾರು 220 ಕಿಲೋಮೀಟರ್, ಹತ್ತಿರ ಹತ್ತಿರ ನಮಗೆ ಹೈದರಾಬಾದ್ ಇರುವಷ್ಟೇ ದೂರ. ಅಪ್ಪ ಅದೇ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಷಿಯನ್. ಅಮ್ಮನದು ಲೆಕ್ಕ ಬರೆಯುವ ಕೆಲಸ. ಒಬ್ಬನೇ ಮಗ. ಇಂಗ್ಲಿಷ್ ವಿಭಾಗದ ಕಟ್ಟಡದಲ್ಲಿ ವೈರಿಂಗ್ ಕೆಲಸ ಮಾಡಿ ಬಂದ ಅಪ್ಪ, ಅಲ್ಲಿ ಮೇಷ್ಟ್ರುಗಳು ಮೇಜಿನ ಮೇಲೆ ಕಾಲು ಚಾಚಿ, ಪೈಪ್ ಸೇದುತ್ತಾ ಪುಸ್ತಕ ಓದುತ್ತಿದ್ದರು, ನಿನಗೆ ಅದೇ ತಕ್ಕ ಕೆಲಸ ಅಂತ ಮಗನಿಗೆ ಹೇಳಿದ್ದನ್ನು ಈಬರ್ಟ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಗ ಮೇಷ್ಟ್ರಾಗಲಿಲ್ಲ. ಹದಿನೈದನೇ ವಯಸ್ಸಿಗೇ ಪಕ್ಕದ ಶಾಂಪೇನ್ ಊರಿನ ಪತ್ರಿಕೆಗೆ ಸ್ಕೂಲ್ ಆಟಗಳ ವರದಿ ಬರೆಯಲು ಶುರು ಮಾಡಿದ. ಕಾಲೇಜಿಗೆ ಬಂದಮೇಲೆ ವಿದ್ಯಾರ್ಥಿಗಳೇ ನಡೆಸುವ ದಿನಪತ್ರಿಕೆಗೆ ಸಂಪಾದಕನಾದ. ವಿಮರ್ಶಕನಾಗುವ ಮೊದಲು ವರದಿಗಾರ. ಯಾರು ಗೆದ್ದರು, ಎಷ್ಟಕ್ಕೆ ಗೆದ್ದರು, ಹೇಗೆ ಗೆದ್ದರು ಅನ್ನುವುದನ್ನು ರಾತ್ರಿ ಪೇಪರ್ ಪ್ರಿಂಟಿಗೆ ಹೋಗುವುದರೊಳಗೆ ಬರೆದು ಮುಗಿಸುವ ಅಭ್ಯಾಸ ಅದು. ಆಮೇಲೆ ಬರೆದ ಸಾವಿರಾರು ವಿಮರ್ಶೆಗಳಲ್ಲಿ ಈ ಅಭ್ಯಾಸ ಕಾಣುತ್ತದೆ. ಪೀಠಿಕೆ ಇಲ್ಲ. ಸೀದಾ ವಿಷಯಕ್ಕೆ.

1966ರಲ್ಲಿ ಈಬರ್ಟ್ ಶಿಕಾಗೊ ಸನ್-ಟೈಮ್ಸ್ ಪತ್ರಿಕೆ ಸೇರಿದರು. ಜೊತೆಗೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಿಎಚ್.ಡಿ.ಗೂ ಹೆಸರು ಹಚ್ಚಿದ್ದರು. 1967ರ ಏಪ್ರಿಲ್‌ನಲ್ಲಿ ಆ ಪತ್ರಿಕೆಯ ಸಿನಿಮಾ ವಿಮರ್ಶಕಿ ಕೆಲಸ ಬಿಟ್ಟರು. ಆ ಕುರ್ಚಿಯನ್ನು ಇವರಿಗೆ ಕೊಟ್ಟರು. ಆಗ ಇವರ ವಯಸ್ಸು 24. ಪಿಎಚ್.ಡಿ. ಅಲ್ಲಿಗೇ ನಿಂತಿತು. ಆದರೆ ವಿಮರ್ಶೆಯ ಕೆಲಸ 2013ರ ಏಪ್ರಿಲ್‌ವರೆಗೆ, ಅವರು ತೀರಿಕೊಳ್ಳುವ ತನಕ, ಅದೇ ಪತ್ರಿಕೆಯಲ್ಲಿ ನಡೆಯಿತು. ಒಂದೇ ಪತ್ರಿಕೆ, ಒಂದೇ ಊರು, 46 ವರ್ಷ.

ಸಂಪಾದಕರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಶಿಕಾಗೊ ಸಿನಿಮಾ ತಯಾರಾಗುವ ಊರಲ್ಲ. ಸಿನಿಮಾ ತಯಾರಾಗುವುದು ಲಾಸ್ ಏಂಜಲೀಸಿನಲ್ಲಿ, ಸುಮಾರು ಮೂರು ಸಾವಿರ ಕಿಲೋಮೀಟರ್ ಆಚೆ. ದೊಡ್ಡ ದೊಡ್ಡ ವಿಮರ್ಶಕರು ಇದ್ದದ್ದು ನ್ಯೂಯಾರ್ಕಿನಲ್ಲಿ. ಈಬರ್ಟ್ ಎರಡೂ ಕಡೆ ಹೋಗಿ ನೆಲೆಸಲಿಲ್ಲ. ಶಿಕಾಗೊದಲ್ಲೇ ಕೂತು, ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಜನ ಓದುವ ಸಣ್ಣ ಅಳತೆಯ ಪೇಪರಿಗೆ ಬರೆದರು. ಆಮೇಲೆ ಅದೇ ಬರಹವನ್ನು 200ಕ್ಕೂ ಜಾಸ್ತಿ ಪತ್ರಿಕೆಗಳು ತರಿಸಿಕೊಂಡು ಹಾಕಿಕೊಂಡವು. ಊರು ಬಿಟ್ಟರೇ ದೊಡ್ಡವರಾಗುವುದು ಅನ್ನುವ ಮಾತು ನಮ್ಮ ಕಡೆ ಜಾಸ್ತಿ, ಅದಕ್ಕೇ ಇದನ್ನು ಎತ್ತಿ ಹೇಳಿದೆ.

ಕೆಲಸಕ್ಕೆ ಸೇರಿ ಆರು ತಿಂಗಳಾಗುವ ಹೊತ್ತಿಗೆ ‘ಬಾನಿ ಆ್ಯಂಡ್ ಕ್ಲೈಡ್’ ಅನ್ನುವ ಚಿತ್ರ ಬಂತು. ಬ್ಯಾಂಕ್ ದರೋಡೆ ಮಾಡುವ ಜೋಡಿಯ ಕಥೆ. ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌದರ್ ಆಗ ಅಮೆರಿಕದ ಅತಿ ಹೆಸರುವಾಸಿ ವಿಮರ್ಶಕರಲ್ಲಿ ಒಬ್ಬರು. ಅವರು ಈ ಚಿತ್ರವನ್ನು ಒಂದು ಸಲ ಅಲ್ಲ, ಮತ್ತೆ ಮತ್ತೆ ಬೈದರು. 25ರ ಹುಡುಗ ಈಬರ್ಟ್ ಮಾತ್ರ ಇದು ಅಮೆರಿಕದ ಸಿನಿಮಾ ಚರಿತ್ರೆಯಲ್ಲೇ ಒಂದು ಮೈಲಿಗಲ್ಲು ಅಂತ ಬರೆದರು. ಕಾಲ ಉಳಿಸಿದ್ದು ಈಬರ್ಟ್ ಮಾತನ್ನೇ. ಅದೇ ವರ್ಷ ಶಿಕಾಗೊ ಚಿತ್ರೋತ್ಸವದಲ್ಲಿ ಒಬ್ಬ ಹೊಸಬನ ಮೊದಲ ಚಿತ್ರ ನೋಡಿ, ಈ ಹುಡುಗ ದೊಡ್ಡ ನಿರ್ದೇಶಕ ಆಗುತ್ತಾನೆ ಅನ್ನುವ ಧಾಟಿಯಲ್ಲಿ ಬರೆದರು. ಆ ಹೊಸಬ, ಮುಂದೆ ದೊಡ್ಡ ಹೆಸರು ಮಾಡಿದ ಮಾರ್ಟಿನ್ ಸ್ಕೋರ್ಸೆಸಿ. ಹೀಗೆ ಬರೆಯಲು ಧೈರ್ಯ ಬೇಕು ನಿಜ. ಆದರೆ ಅದಕ್ಕಿಂತ ಮುಖ್ಯ, ‘ನಿನ್ನ ಹೆಸರು ಹಾಕ್ತೀವಿ, ನಿನಗೆ ಅನಿಸಿದ್ದು ಬರಿ’ ಅಂತ ಹೇಳುವ ಪತ್ರಿಕೆ ಬೇಕು. 1975ರಲ್ಲಿ ಅವರಿಗೆ ಪುಲಿಟ್ಜರ್ ಬಂತು, ಅಮೆರಿಕದ ಪತ್ರಕರ್ತರಿಗೆ ಕೊಡುವ ದೊಡ್ಡ ಪ್ರಶಸ್ತಿ. ಸಿನಿಮಾ ವಿಮರ್ಶಕನೊಬ್ಬನಿಗೆ ಆ ಪ್ರಶಸ್ತಿ ಕೊಟ್ಟದ್ದು ಅದೇ ಮೊದಲು.

ನಡುವೆ ಒಂದು ಚಿತ್ರಕ್ಕೆ ಚಿತ್ರಕಥೆಯನ್ನೂ ಬರೆದರು, 1970ರಲ್ಲಿ, ರಸ್ ಮೇಯರ್ ಅನ್ನುವ ನಿರ್ದೇಶಕನಿಗೆ. ಆ ಚಿತ್ರ ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ, ಅದರ ಬಗ್ಗೆ ಇಷ್ಟು ಸಾಕು. ವಿಮರ್ಶಕನೂ ಒಮ್ಮೆ ಬೈಸಿಕೊಂಡು ನೋಡಿದರೆ ಒಳ್ಳೆಯದೇ ಅಲ್ವಾ.

ಇನ್ನು ಹೆಬ್ಬೆರಳಿನ ವಿಷಯ. ಈಬರ್ಟ್ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದೇ ಇದು. ಶಿಕಾಗೊದ ಇನ್ನೊಂದು ಪತ್ರಿಕೆ ಟ್ರಿಬ್ಯೂನ್. ಅದರ ವಿಮರ್ಶಕ ಜೀನ್ ಸಿಸ್ಕೆಲ್. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಇಬ್ಬರದೂ ಒಂದೇ ಊರು, ಒಂದೇ ಕೆಲಸ, ಪತ್ರಿಕೆಗಳು ಮಾತ್ರ ಎದುರಾಳಿ. 1975ರಲ್ಲಿ ಅಲ್ಲಿನ ಸಾರ್ವಜನಿಕ ಟಿ.ವಿ. ಕೇಂದ್ರ ಇವರಿಬ್ಬರನ್ನೇ ಹಿಡಿದು ಥಿಯೇಟರಿನ ಸೀಟಿನಲ್ಲಿ ಅಕ್ಕಪಕ್ಕ ಕೂರಿಸಿ, ವಾರದ ಚಿತ್ರಗಳ ಬಗ್ಗೆ ಮಾತಾಡಿ ಅಂತು. ಅವರು ಮಾತಾಡಲಿಲ್ಲ, ಜಗಳಾಡಿದರು. ಜನಕ್ಕೆ ಹಿಡಿಸಿತು. ಆ ಕಾರ್ಯಕ್ರಮ ಹೆಸರು, ಚಾನೆಲ್ ಬದಲಾಯಿಸಿಕೊಂಡು ಇಡೀ ದೇಶಕ್ಕೆ ಹಬ್ಬಿತು. 1999ರಲ್ಲಿ ಸಿಸ್ಕೆಲ್ ತೀರಿಕೊಳ್ಳುವವರೆಗೂ ಇಬ್ಬರೂ ಸೇರಿ ನಡೆಸಿದರು. ಕೊನೆಯಲ್ಲಿ ಇಬ್ಬರೂ ಹೆಬ್ಬೆರಳು ಮೇಲೆ ಮಾಡಿದರೆ ಚಿತ್ರ ನೋಡಬಹುದು, ಕೆಳಗೆ ಮಾಡಿದರೆ ದುಡ್ಡು ಉಳಿಸಿಕೊಳ್ಳಿ ಅಂತ ಲೆಕ್ಕ. ಚಿತ್ರದ ಜಾಹೀರಾತುಗಳಲ್ಲಿ ಆ ಎರಡು ಹೆಬ್ಬೆರಳು ಬಂದರೆ ಟಿಕೆಟ್ ಹೋಗುತ್ತಿತ್ತು.

ಇದಕ್ಕೆ ಬೈಗುಳವೂ ಬಂತು. ಟೈಮ್ ಪತ್ರಿಕೆಯ ವಿಮರ್ಶಕ ರಿಚರ್ಡ್ ಕಾರ್ಲಿಸ್ 1990ರಲ್ಲಿ ‘ಫಿಲ್ಮ್ ಕಾಮೆಂಟ್’ ಅನ್ನುವ ಸಿನಿಮಾ ಪತ್ರಿಕೆಯಲ್ಲಿ ದೊಡ್ಡ ಲೇಖನ ಬರೆದು, ಹೆಬ್ಬೆರಳು ಮತ್ತು ಸ್ಟಾರುಗಳು ಸೇರಿ ವಿಮರ್ಶೆಯನ್ನೇ ತಿಂದುಹಾಕುತ್ತಿವೆ ಅಂದರು. ಈಬರ್ಟ್ ಫಿಲ್ಮ್ ಕಾಮೆಂಟ್‌ನಲ್ಲೇ ಉತ್ತರ ಕೊಟ್ಟರು. ನಮ್ಮ ಟಿ.ವಿ. ಕಾರ್ಯಕ್ರಮ ಆಳವಾದ ವಿಮರ್ಶೆ ಅಲ್ಲ, ಅದನ್ನು ನಾನೇ ಮೊದಲು ಒಪ್ಪುತ್ತೇನೆ ಅಂದರು. ನನ್ನ ಅಭಿಪ್ರಾಯ ಕೇಳಿದರೆ ಕಾರ್ಲಿಸ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಆದರೆ ಈಬರ್ಟ್ ಟಿ.ವಿ.ಯಲ್ಲಿ ಬೆರಳು ತೋರಿಸಿ ಮನೆಗೆ ಹೋಗಿ ಮಲಗಲಿಲ್ಲ. ಪತ್ರಿಕೆಯಲ್ಲಿ ಪೂರ್ತಿ ವಿಮರ್ಶೆ ಬರುತ್ತಿತ್ತು. ಬೆರಳು ಯಾಕೆ ಮೇಲೆ ಹೋಯಿತು, ಯಾಕೆ ಕೆಳಗೆ ಬಂತು ಅನ್ನುವುದಕ್ಕೆ ಅಲ್ಲಿ ಕಾರಣ ಇರುತ್ತಿತ್ತು. ನಮ್ಮ ಪತ್ರಿಕೆಗಳು ಬೆರಳನ್ನು ಮಾತ್ರ ತಂದುಕೊಂಡವು, ಕಾರಣವನ್ನು ಅಲ್ಲೇ ಬಿಟ್ಟವು. ಕಾರಣ ಇಲ್ಲದ ಸ್ಟಾರ್ ಅಂದರೆ ಯಾವ ರೋಗಕ್ಕೆ ಅಂತ ಹೇಳದೆ ಗುಳಿಗೆ ಕೊಟ್ಟ ಹಾಗೆ.

ಸ್ಟಾರ್ ಕೊಡುವುದರಲ್ಲೂ ಅವರಿಗೆ ಒಂದು ಲೆಕ್ಕ ಇತ್ತು. ನಾಲ್ಕಕ್ಕೆ ಇಷ್ಟು ಅಂತ ಕೊಡುತ್ತಿದ್ದರು. ಒಂದು ಹೊಡೆದಾಟದ ಚಿತ್ರವನ್ನು ಅಂಥದೇ ಹೊಡೆದಾಟದ ಚಿತ್ರದ ಜೊತೆ ಹೋಲಿಸಬೇಕು, ಗಂಭೀರ ಕಲಾಕೃತಿಯ ಜೊತೆ ಅಲ್ಲ ಅನ್ನುವುದು ಅವರ ವಾದ. ಸ್ನೇಹಿತ ಬಂದು ‘ಆ ಫೈಟಿಂಗ್ ಪಿಕ್ಚರ್ ಹೆಂಗದ?’ ಅಂತ ಕೇಳಿದರೆ ಅವನಿಗೆ ಬೇಕಾದ್ದು ಫೈಟಿಂಗ್ ಚೆನ್ನಾಗಿದೆಯಾ ಇಲ್ಲವಾ ಅನ್ನುವುದು. ಹಾಗಾಗಿ ಅವರು ಮಾಸ್ ಸಿನಿಮಾ ಅಂತ ಮೂಗು ಮುರಿಯಲಿಲ್ಲ, ಆರ್ಟ್ ಸಿನಿಮಾ ಅಂತ ಸುಮ್ನೆ ತಲೆ ಬಾಗಲಿಲ್ಲ. ಸಿನಿಮಾ ಯಾವುದರ ಬಗ್ಗೆ ಇದೆ ಅನ್ನುವುದಕ್ಕಿಂತ ಅದನ್ನು ಹೇಗೆ ಹೇಳುತ್ತದೆ ಅನ್ನುವುದೇ ದೊಡ್ಡದು ಅನ್ನುತ್ತಿದ್ದರು. ನಮ್ಮಲ್ಲಿ ಉಲ್ಟಾ. ರೈತರ ಬಗ್ಗೆ ಇದೆಯಾ, ನಾಲ್ಕು ಸ್ಟಾರ್. ಅದು ನೋಡಲು ಆಗುತ್ತದೋ ಇಲ್ಲವೋ ಕೇಳುವವರಿಲ್ಲ.

ಬೈಯುವಾಗ ಮಾತ್ರ ಬಿಡುತ್ತಿರಲಿಲ್ಲ. 1994ರ ‘ನಾರ್ತ್’ ಅನ್ನುವ ಚಿತ್ರಕ್ಕೆ ಈ ಚಿತ್ರ ನನಗೆ ಹೇಸಿಗೆ, ಹೇಸಿಗೆ, ಹೇಸಿಗೆ ಅಂತ ಒಂದೇ ಉಸಿರಿಗೆ ಬರೆದರು. 2005ರಲ್ಲಿ ರಾಬ್ ಶ್ನೈಡರ್ ಅನ್ನುವ ಕಾಮಿಡಿ ನಟ, ತನ್ನ ಚಿತ್ರವನ್ನು ಅಣಕಿಸಿದ ಇನ್ನೊಬ್ಬ ಪತ್ರಕರ್ತನಿಗೆ ‘ನಿನಗೆ ಪುಲಿಟ್ಜರ್ ಬಂದಿಲ್ಲ, ನೀನ್ಯಾರು ಹೇಳೋಕೆ’ ಅನ್ನುವ ಅರ್ಥದಲ್ಲಿ ಪೇಪರಿನಲ್ಲಿ ಜಾಹೀರಾತೇ ಹಾಕಿಸಿದ. ಈಬರ್ಟ್ ಆ ನಟನ ಹೊಸ ಚಿತ್ರದ ವಿಮರ್ಶೆಯ ಕೊನೆಗೆ, ನನಗೆ ಪುಲಿಟ್ಜರ್ ಬಂದಿದೆ, ಆದ್ದರಿಂದ ನನಗೆ ಅರ್ಹತೆ ಇದೆ, ನಿಮ್ಮ ಚಿತ್ರ ದಂಡ ಅಂತ ಬರೆದರು. ಮುಂದೆ ಈಬರ್ಟ್ ಕಾಯಿಲೆ ಬಿದ್ದಾಗ ಅವರ ಮನೆಗೆ ಒಂದು ಹೂಗುಚ್ಛ ಬಂತು. ಕಳಿಸಿದವನು ಇದೇ ಶ್ನೈಡರ್, ‘ನಿಮಗೆ ಎಲ್ಲರಿಗಿಂತ ಕಡಿಮೆ ಇಷ್ಟವಾದ ನಟ’ ಅಂತ ಸಹಿ ಮಾಡಿ. ಈಬರ್ಟ್ ಅದನ್ನೂ ಬರೆದರು, ಚಿತ್ರ ಕೆಟ್ಟದ್ದಿರಬಹುದು, ಮನುಷ್ಯ ಒಳ್ಳೆಯವನು ಅಂತ. ನಮ್ಮಲ್ಲಿ ಒಬ್ಬ ಸ್ಟಾರ್ ನಟನ ಚಿತ್ರಕ್ಕೆ ಎರಡು ಸ್ಟಾರ್ ಕೊಟ್ಟು ನೋಡಿ, ಹೂಗುಚ್ಛ ಬರುವುದಿಲ್ಲ, ರಾತ್ರಿಯೆಲ್ಲ ಫೋನ್ ಬರುತ್ತದೆ. ಅದಕ್ಕೇ ನಿಮ್ಮ ವಿಮರ್ಶಕರು ಹೆಸರು ಹಾಕುವುದಿಲ್ಲವೇನೋ. ಹಾಗಿದ್ದರೆ ಅವರ ಬೆನ್ನಿಗೆ ನಿಲ್ಲಬೇಕಾದ್ದು ಪತ್ರಿಕೆ.

ಈಗ ನಮ್ಮೂರಿಗೆ ಬರುತ್ತೇನೆ. ಕಲಬುರಗಿಯಲ್ಲಿ ಒಂದು ಶುಕ್ರವಾರ ಥಿಯೇಟರಿನ ಮುಂದೆ ನಿಂತು ನೋಡಿ. ಒಂದು ಪರದೆಗೆ ಕನ್ನಡ, ಎರಡಕ್ಕೆ ತೆಲುಗು, ಇನ್ನೊಂದಕ್ಕೆ ಹಿಂದಿ. ಕೆಲವು ವಾರ ಮರಾಠಿಯೂ ಇರುತ್ತದೆ. ಹೈದರಾಬಾದ್ ನಮಗೆ 200 ಚಿಲ್ಲರೆ ಕಿಲೋಮೀಟರ್, ಸೊಲ್ಲಾಪುರ ಅದರ ಅರ್ಧ, ಬೆಂಗಳೂರು 600ರ ಹತ್ತಿರ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ನಮ್ಮ ಮನೆಯಲ್ಲಿ ಅಜ್ಜ ಉರ್ದು ಮೀಡಿಯಂ, ಅಮ್ಮ ಮರಾಠಿ ಹಾಡು ಗುನುಗುವವರು, ಮಗಳು ತೆಲುಗು ಹೀರೋನ ಫ್ಯಾನ್, ಮಾತಾಡುವುದು ಕನ್ನಡ, ಓದುವುದು ನಿಮ್ಮ ಪತ್ರಿಕೆ. ಇಂಥ ಮನೆ ಇಲ್ಲಿ ನನ್ನದೊಂದೇ ಅಲ್ಲ. ಸೇಡಂ ಕಡೆಯಿಂದ, ಚಿತ್ತಾಪುರದಿಂದ ಹುಡುಗರು ಬೈಕ್ ಹಾಕಿಕೊಂಡು ಬಂದು ತೆಲುಗು ಚಿತ್ರದ ಮೊದಲ ಶೋ ನೋಡುತ್ತಾರೆ. ಆಳಂದದವರು ಮರಾಠಿ ಚಿತ್ರ ಯಾವಾಗ ಬರುತ್ತದೆ ಅಂತ ಕೇಳುತ್ತಾರೆ. ದರ್ಗಾದ ಕಡೆಯ ಗೆಳೆಯರು ಈದ್‌ಗೆ ಹಿಂದಿ ಚಿತ್ರಕ್ಕೆ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಮೇ ತಿಂಗಳಲ್ಲಿ ಯಾವ ಭಾಷೆ ಅಂತಲೂ ಕೇಳದೆ ಬರೀ ಎ.ಸಿ.ಗಾಗಿ ಒಳಗೆ ಹೋಗುವವರೂ ಇದ್ದಾರೆ, ನಾನೂ ಹೋಗಿದ್ದೇನೆ. ಇವರೆಲ್ಲ ಬೆಳಿಗ್ಗೆ ಓದುವುದು ಕನ್ನಡ ಪೇಪರ್. ಆ ಪೇಪರಿನಲ್ಲಿ ಅವರು ನೋಡುವ ಸಿನಿಮಾದ ಬಗ್ಗೆ ಒಂದು ಸಾಲಿಲ್ಲ. ಇದ್ದರೆ ದೊಡ್ಡ ಬಜೆಟ್ಟಿನ ‘ಪ್ಯಾನ್ ಇಂಡಿಯಾ’ ಚಿತ್ರದ ಮೊದಲ ದಿನದ ಕಲೆಕ್ಷನ್ ಸುದ್ದಿ.

ಕನ್ನಡ ಪತ್ರಿಕೆ ತೆಲುಗು ಚಿತ್ರಕ್ಕೆ ಯಾಕೆ ಜಾಗ ಕೊಡಬೇಕು ಅಂತ ಕೆಲವರು ಕೇಳುತ್ತಾರೆ, ಗೊತ್ತು. ನನ್ನ ಜೊತೆಯೂ ಈ ವಿಷಯಕ್ಕೆ ಜಗಳ ಆಗಿದೆ. ನನ್ನ ಉತ್ತರ ಇಷ್ಟೇ. ಜನ ನೋಡುತ್ತಿರುವುದಂತೂ ನಿಜ. ನೋಡಿದ್ದರ ಬಗ್ಗೆ ಕನ್ನಡದಲ್ಲಿ ಯೋಚಿಸುವುದಕ್ಕೆ, ಕನ್ನಡದಲ್ಲಿ ಜಗಳಾಡುವುದಕ್ಕೆ ನೀವು ಜಾಗ ಕೊಡದಿದ್ದರೆ ಅವರು ಅದನ್ನು ಯೂಟ್ಯೂಬಿನಲ್ಲಿ ತೆಲುಗಿನಲ್ಲೇ ಮಾಡುತ್ತಾರೆ. ಹೋದದ್ದು ಕನ್ನಡದ್ದೇ ತಾನೇ? ಈಬರ್ಟ್ ತಮ್ಮ ಮೆಚ್ಚಿನ ಹಳೆಯ ಚಿತ್ರಗಳ ಬಗ್ಗೆ 1990ರ ದಶಕದಿಂದ ಒಂದು ಲೇಖನಮಾಲೆ ಬರೆದರು. ಅದರಲ್ಲಿ ಸತ್ಯಜಿತ್ ರೇ ಅವರ ಅಪು ಚಿತ್ರತ್ರಯದ ಬಗ್ಗೆಯೂ ಬರೆದಿದ್ದಾರೆ, ಜಪಾನಿನ ನಿರ್ದೇಶಕ ಓಜು ಬಗ್ಗೆಯೂ ಬರೆದಿದ್ದಾರೆ. ಶಿಕಾಗೊದ ಬಸ್ಸಿನಲ್ಲಿ ಪೇಪರ್ ಓದುವವನಿಗೆ ಬಂಗಾಳದ ಹಳ್ಳಿಯ ಕಥೆ ಯಾಕೆ ಅಂತ ಅವರ ಸಂಪಾದಕರು ಕೇಳಿದ್ದರೆ ಅದು ಬರುತ್ತಿರಲಿಲ್ಲ. ನಾನು ಬಂಗಾಳವನ್ನೂ ಕೇಳುತ್ತಿಲ್ಲ, ಪಕ್ಕದ ತೆಲಂಗಾಣದ ತಾಂಡೂರಿನಲ್ಲಿ ಮಾತಾಡುವ ಭಾಷೆಯನ್ನು ಕೇಳುತ್ತಿದ್ದೇನೆ.

ಇನ್ನೊಂದು ಸಂಗತಿ ಇದೆ, ಅದು ಬೆಂಗಳೂರಲ್ಲಿ ಕೂತು ಬರೆದರೆ ಕಣ್ಣಿಗೆ ಬೀಳುವುದೇ ಇಲ್ಲ. ಕನ್ನಡ ಚಿತ್ರದಲ್ಲಿ ಅಡುಗೆಯವನೋ, ವಾಚ್‌ಮ್ಯಾನೋ, ದಡ್ಡ ಪೊಲೀಸನೋ ಬಂದರೆ ಅವನ ಬಾಯಲ್ಲಿ ನಮ್ಮ ಕಡೆಯ ಮಾತು. ಅದೂ ನಮ್ಮದಲ್ಲ, ಧಾರವಾಡದ್ದು ಸ್ವಲ್ಪ, ಬೆಳಗಾವಿಯದ್ದು ಸ್ವಲ್ಪ, ಬಾಕಿ ಡಬ್ಬಿಂಗ್ ಸ್ಟುಡಿಯೋದ್ದು. ಮಾರನೇ ದಿನ ವಿಮರ್ಶೆಯಲ್ಲಿ ‘ಉತ್ತರ ಕರ್ನಾಟಕದ ಸೊಗಡು ಸೊಗಸಾಗಿ ಮೂಡಿಬಂದಿದೆ’. ಯಾವ ಉತ್ತರ? ಯಾವ ಸೊಗಡು? ಬೀದರಿನವನ ಮಾತು ಬಾಗಲಕೋಟೆಯವನ ಮಾತಿನ ಹಾಗೆ ಇರುವುದಿಲ್ಲ, ನಮ್ಮೂರಿನ ಆಟೋದಲ್ಲಿ ಹತ್ತು ನಿಮಿಷ ಕೂತವರಿಗೂ ಇದು ತಿಳಿಯುತ್ತದೆ. ಇಲ್ಲಿನ ವಿಮರ್ಶಕ ಇದ್ದಿದ್ದರೆ ಇದನ್ನು ಎರಡೇ ಸಾಲಿನಲ್ಲಿ ಬರೆದು ಬಿಸಾಕುತ್ತಿದ್ದ, ಮುಂದಿನ ಸಲ ನಿರ್ದೇಶಕರು ಸ್ವಲ್ಪ ಹುಷಾರಾಗುತ್ತಿದ್ದರು.

ಸಣ್ಣ ಕನ್ನಡ ಚಿತ್ರಗಳ ಗತಿಯೂ ಇದೇ. ಬ್ಯಾನರ್ ಇಲ್ಲ, ಕಟೌಟ್ ಇಲ್ಲ, ಬೆಳಿಗ್ಗೆ ಒಂದು ಶೋ ಕೊಟ್ಟಿರುತ್ತಾರೆ. ನಾನು ಅಂಗಡಿಗೆ ಬೇರೆಯವರನ್ನು ಕೂರಿಸಿ ಹೋಗುವಷ್ಟರಲ್ಲಿ ತೆಗೆದುಬಿಟ್ಟಿರುತ್ತಾರೆ. ಆ ಚಿತ್ರ ಬಂದಿತ್ತು ಅಂತ ಊರಿಗೆ ಗೊತ್ತಾಗುವುದು ಮನೆಯಲ್ಲಿ ಒಟಿಟಿಗೆ ಬಂದಮೇಲೆ. ಈಬರ್ಟ್ ಮತ್ತು ಸಿಸ್ಕೆಲ್ ಮಾಡಿದ ಒಂದು ಕೆಲಸ ಇಲ್ಲಿ ಹೇಳಬೇಕು. 1994ರ ಜನವರಿಯಲ್ಲಿ ‘ಹೂಪ್ ಡ್ರೀಮ್ಸ್’ ಅನ್ನುವ ಸಾಕ್ಷ್ಯಚಿತ್ರ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಬಂತು. ಶಿಕಾಗೊದ ಇಬ್ಬರು ಬಡ ಕಪ್ಪು ಹುಡುಗರು ಬಾಸ್ಕೆಟ್‌ಬಾಲ್ ಆಡಿ ಮೇಲೆ ಬರಬೇಕು ಅಂತ ಒದ್ದಾಡುವುದನ್ನು ವರ್ಷಗಟ್ಟಲೆ ಹಿಂದೆ ಬಿದ್ದು ಚಿತ್ರೀಕರಿಸಿದ್ದು. ಸುಮಾರು ಮೂರು ಗಂಟೆ ಉದ್ದ, ಸ್ಟಾರ್ ಯಾರೂ ಇಲ್ಲ, ಕೊಳ್ಳುವವರೇ ಇಲ್ಲ. ಇವರಿಬ್ಬರೂ ಚಿತ್ರ ಇನ್ನೂ ಯಾವ ಥಿಯೇಟರಿಗೂ ಬರುವ ಮೊದಲೇ ತಮ್ಮ ಕಾರ್ಯಕ್ರಮದಲ್ಲಿ ಅದರ ಬಗ್ಗೆ ಮಾತಾಡಿದರು. ಆಮೇಲೆ ವರ್ಷವಿಡೀ ಬಿಡಲಿಲ್ಲ. ಚಿತ್ರಕ್ಕೆ ವಿತರಕರು ಸಿಕ್ಕರು, ಜನ ನೋಡಿದರು. ಆ ದಶಕದ ಅತ್ಯುತ್ತಮ ಚಿತ್ರ ಅದೇ ಅಂತ ಈಬರ್ಟ್ ಆಮೇಲೆ ಹೇಳಿದರು. ಅದರ ನಿರ್ದೇಶಕ ಸ್ಟೀವ್ ಜೇಮ್ಸ್ ಮುಂದೆ ಈಬರ್ಟ್ ಬದುಕಿನ ಮೇಲೆಯೇ ಒಂದು ಸಾಕ್ಷ್ಯಚಿತ್ರ ಮಾಡಿದರು, ಅದು 2014ರಲ್ಲಿ ಬಂತು. ನಮ್ಮಲ್ಲಿ ಒಬ್ಬ ವಿಮರ್ಶಕ ‘ಈ ಚಿತ್ರ ಸೋಮವಾರದೊಳಗೆ ಹೋಗುತ್ತದೆ, ಇವತ್ತೇ ನೋಡಿ’ ಅಂತ ಒಂದು ಸಾಲು ಬರೆದರೂ ನೂರು ಜನ ಹೋಗುತ್ತಾರೆ. ಅಷ್ಟು ಸಾಕು, ಇನ್ನೊಂದು ವಾರ ಓಡುತ್ತದೆ.

ಅವರ ಕಾಯಿಲೆಯ ವಿಷಯ ಬರೆಯದೆ ಬಿಟ್ಟರೆ ಕಥೆ ಅರ್ಧ ಆಗುತ್ತದೆ. 2002ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ಥೈರಾಯ್ಡ್ ಗುಳಿಗೆಗೆ ನನ್ನ ಅಂಗಡಿಗೆ ದಿನವೂ ಜನ ಬರುತ್ತಾರೆ. ಅವರಲ್ಲಿ ಗ್ರಂಥಿಯನ್ನೇ ತೆಗೆಸಿಕೊಂಡವರೂ ಇದ್ದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ ನುಂಗಿ ಆರಾಮಾಗಿ ಓಡಾಡಿಕೊಂಡಿದ್ದಾರೆ. ಈಬರ್ಟ್‌ಗೆ ಹಾಗಾಗಲಿಲ್ಲ. ಆಪರೇಷನ್ ಮೇಲೆ ಆಪರೇಷನ್. 2006ರಲ್ಲಿ ಕೆಳದವಡೆಯ ಭಾಗ ತೆಗೆದರು. ವಾಸಿಯಾಗಿ ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಕುತ್ತಿಗೆಯ ರಕ್ತನಾಳ ಒಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಊಟ, ನೀರು ಎಲ್ಲ ಟ್ಯೂಬಿನಲ್ಲಿ. ಟಿ.ವಿ.ಯಲ್ಲಿ ಮಾತಾಡಿಯೇ ಹೆಸರಾದ ಮನುಷ್ಯನಿಗೆ ಬಾಯಿಯೇ ಇಲ್ಲ.

ಸಿಸ್ಕೆಲ್ ತಮ್ಮ ಮಿದುಳಿನ ಕಾಯಿಲೆಯನ್ನು ಈಬರ್ಟ್‌ಗೂ ಹೇಳದೆ ಮುಚ್ಚಿಟ್ಟು ಹೋಗಿದ್ದರು. ಅದು ಈಬರ್ಟ್‌ಗೆ ಬಹಳ ನೋವು ಕೊಟ್ಟಿತ್ತು. ಹಾಗಾಗಿ ಇವರು ತಮ್ಮದನ್ನು ಮುಚ್ಚಿಡಲಿಲ್ಲ. 2010ರಲ್ಲಿ ಒಂದು ದೊಡ್ಡ ಮ್ಯಾಗಜೀನಿಗೆ ದವಡೆ ಇಲ್ಲದ ಮುಖದ ಫೋಟೊ ತೆಗೆಸಿಕೊಂಡರು. ತಾವು ಹಳೆಯ ಚಿತ್ರಗಳ ಡಿವಿಡಿಗಳಿಗೆ ಕೊಟ್ಟಿದ್ದ ವಿವರಣೆಯ ಧ್ವನಿಯಿಂದ ಎಡಿನ್‌ಬರದ ಒಂದು ಕಂಪನಿ ಕಂಪ್ಯೂಟರಿಗೆ ಅವರದೇ ಸ್ವರ ಕಟ್ಟಿಕೊಟ್ಟಿತು. ಅದೇ ವರ್ಷ ಒಂದು ಅಡುಗೆ ಪುಸ್ತಕ ಬಂತು, ರೈಸ್ ಕುಕ್ಕರಿನಲ್ಲಿ ಏನೇನು ಮಾಡಬಹುದು ಅಂತ. ಬರೆದವರು ತುತ್ತು ಅನ್ನ ನುಂಗಲಾಗದ ಈಬರ್ಟ್. ಇದನ್ನು ನನ್ನ ಹೆಂಡತಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ, ಆಮೇಲೆ ಆ ಮನುಷ್ಯ ಏನೇನು ಅಡುಗೆ ಹಾಕಿದ್ದಾನೆ ನೋಡಿ ಹೇಳಿ ಅಂದಳು. ಕುಡಿತದ ಚಟ ಇತ್ತು, 1979ರಲ್ಲಿ ಬಿಟ್ಟರು, ಅದನ್ನೂ ಬರೆದರು. 1992ರಲ್ಲಿ, ಐವತ್ತರಲ್ಲಿ, ವಕೀಲೆ ಚಾಜ್ ಅವರನ್ನು ಮದುವೆಯಾದದ್ದನ್ನೂ ಬರೆದರು. ಮಾತು ಹೋದಮೇಲೆ ಬರೆದದ್ದೇ ಜಾಸ್ತಿ. 2012 ಒಂದೇ ವರ್ಷದಲ್ಲಿ 306 ವಿಮರ್ಶೆ. 2013ರ ಏಪ್ರಿಲ್ 2ರಂದು, ಕ್ಯಾನ್ಸರ್ ಮತ್ತೆ ಬಂದಿದೆ, ಸ್ವಲ್ಪ ಕಡಿಮೆ ಬರೆಯುತ್ತೇನೆ, ನನಗೆ ಇಷ್ಟವಾದ ಚಿತ್ರಗಳ ಬಗ್ಗೆ ಮಾತ್ರ ಬರೆಯಬೇಕು ಅಂತ ಮೊದಲಿನಿಂದ ಆಸೆ ಇತ್ತು, ಈಗ ಅದು ಆಗುತ್ತದೆ ಅಂತ ಓದುಗರಿಗೆ ತಿಳಿಸಿದರು. ಎರಡು ದಿನಕ್ಕೆ ತೀರಿಕೊಂಡರು. ಆಗ ಅಧ್ಯಕ್ಷರಾಗಿದ್ದ ಒಬಾಮಾ ಶಿಕಾಗೊದವರೇ, ಅಮೆರಿಕದ ಒಂದು ಪೀಳಿಗೆಗೆ ಸಿನಿಮಾ ಅಂದರೆ ರೋಜರ್ ಅಂದರು.

ಈಗ ನನ್ನ ಬೇಡಿಕೆ. ಈಬರ್ಟ್ ಅಂಥವರನ್ನು ಹುಡುಕಿ ತನ್ನಿ ಅಂತ ನಾನು ಹೇಳುತ್ತಿಲ್ಲ. ಅಂಥವರು ಸಿಗುವುದಿಲ್ಲ, ಒಂದು ಕುರ್ಚಿ ಕೊಟ್ಟು ಬಹಳ ವರ್ಷ ಕೂರಿಸಿದಮೇಲೆ ಆಗುತ್ತಾರೆ. ನಿಮ್ಮ ಕಲಬುರಗಿ ಆವೃತ್ತಿಗೆ ಒಬ್ಬರನ್ನು ಇಲ್ಲಿಂದಲೇ ತೆಗೆದುಕೊಳ್ಳಿ. ಕನ್ನಡ ಚೆನ್ನಾಗಿ ಬರೆಯಬೇಕು, ತೆಲುಗು, ಹಿಂದಿ ತಿಳಿಯಬೇಕು, ಟಿಕೆಟ್ ತೆಗೆದುಕೊಂಡು ಜನರ ನಡುವೆ ಕೂತು ನೋಡಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಇಲ್ಲಿನ ಡಿಗ್ರಿ ಕಾಲೇಜುಗಳಲ್ಲಿ ಅಂಥ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ವಾರಕ್ಕೆ ಅರ್ಧ ಪುಟ ಕೊಡಿ. ಟಿಕೆಟ್ ದುಡ್ಡು ಪತ್ರಿಕೆಯೇ ಕೊಡಲಿ, ನಿರ್ಮಾಪಕರ ಪಾಸ್ ಬೇಡ. ಜಾಹೀರಾತು ಬಂತು ಅಂತ ಆ ಅರ್ಧ ಪುಟವನ್ನು ಕಾಲು ಪುಟ ಮಾಡಬೇಡಿ. ಹೆಸರು ಹಾಕಿ, ಫೋಟೊ ಇಲ್ಲದಿದ್ದರೂ ನಡೆಯುತ್ತದೆ. ಎರಡು ವರ್ಷಕ್ಕೆ ಬೇರೆ ಡೆಸ್ಕಿಗೆ ಎತ್ತಂಗಡಿ ಮಾಡಬೇಡಿ. ಮೊದಮೊದಲು ಕೆಟ್ಟದಾಗಿಯೇ ಬರೆಯುತ್ತಾರೆ, ನಾವು ಸಹಿಸಿಕೊಳ್ಳುತ್ತೇವೆ.

ಇದಕ್ಕೆ ಖರ್ಚು ಜಾಸ್ತಿ ಅಂದರೆ ಇನ್ನೊಂದು ಇದೆ, ಅದಕ್ಕೆ ಖರ್ಚೇ ಇಲ್ಲ. ಕೊಲರಾಡೊದ ಬೌಲ್ಡರ್ ಊರಿನ ವಿಶ್ವವಿದ್ಯಾಲಯದಲ್ಲಿ ಈಬರ್ಟ್ ಬಹಳ ವರ್ಷ ಒಂದು ಆಟ ಆಡಿಸುತ್ತಿದ್ದರು. ಒಂದೇ ಚಿತ್ರವನ್ನು ಹಲವು ಮಧ್ಯಾಹ್ನ ಕೂತು, ಸ್ವಲ್ಪ ಸ್ವಲ್ಪವೇ ನೋಡುವುದು. ಕತ್ತಲಲ್ಲಿ ಕೂತ ಯಾರು ಬೇಕಾದರೂ ‘ನಿಲ್ಸಿ’ ಅಂತ ಕೂಗಬಹುದು. ಚಿತ್ರ ಅಲ್ಲೇ ನಿಲ್ಲುತ್ತದೆ. ಕೂಗಿದವರು ಆ ಫ್ರೇಮಿನಲ್ಲಿ ತಮಗೆ ಕಂಡದ್ದು ಹೇಳುತ್ತಾರೆ, ಹಿಂದಿನ ಸಾಲಿನವರು ಹಾಗಲ್ಲ ಅನ್ನುತ್ತಾರೆ, ವಾದ ಮುಗಿದಮೇಲೆ ಮುಂದಕ್ಕೆ. ಇದನ್ನು ನಮ್ಮ ಯಾವುದಾದರೂ ಕಾಲೇಜಿನ ಸಭಾಂಗಣದಲ್ಲಿ ನಿಮ್ಮ ಪತ್ರಿಕೆ ಒಮ್ಮೆ ಮಾಡಿಸಲಿ. ಬೇಸಿಗೆ ರಜೆ ಬೇಡ, ಜನ ಕರಗಿ ಹೋಗುತ್ತಾರೆ, ಡಿಸೆಂಬರ್ ಒಳ್ಳೆಯದು. ಪ್ರೊಜೆಕ್ಟರ್ ಕಾಲೇಜಿನಲ್ಲಿ ಇದ್ದೇ ಇರುತ್ತದೆ, ಚಹಾದ ಖರ್ಚು ನಾನು ನೋಡಿಕೊಳ್ಳುತ್ತೇನೆ. ನಮ್ಮೂರಿನವರು ಥಿಯೇಟರಿನಲ್ಲಿ ಹೇಗೂ ಸುಮ್ಮನೆ ಕೂರುವುದಿಲ್ಲ, ಅಲ್ಲಿ ಮಾತಾಡುವುದಕ್ಕೇ ಕರೆದರೆ ಹಾಲ್ ತುಂಬುತ್ತದೆ.

ಈ ಪತ್ರಕ್ಕೆ ನಿಮ್ಮಲ್ಲಿ ಜಾಗ ಇಲ್ಲದಿದ್ದರೆ ಕತ್ತರಿಸಿ, ಬೇಜಾರಿಲ್ಲ. ಹೆಬ್ಬೆರಳಿನ ಭಾಗ ತೆಗೆದರೂ ನಡೆಯುತ್ತದೆ. ತೆಲುಗು ಚಿತ್ರದ ಭಾಗ ಮತ್ತು ಸಣ್ಣ ಕನ್ನಡ ಚಿತ್ರಗಳ ಭಾಗ ಮಾತ್ರ ಬಿಡಬೇಡಿ, ಅದನ್ನು ಓದಲೆಂದೇ ಇಲ್ಲಿ ನಾಲ್ಕು ಜನ ಕಾಯುತ್ತಿದ್ದಾರೆ.

ಇಂತಿ ನಿಮ್ಮ ಓದುಗ,
ಸೇಡಂ ರಸ್ತೆ, ಕಲಬುರಗಿ